ವೆಂಕೋಬನ ತಲೆನೋವು ನನ್ನದು

ಗಂಗಾವತಿಯಲ್ಲಿ ಯಾರ ತಲೆ ಎಷ್ಟು ಭಾರ ಎಂಬುದನ್ನು ನನ್ನನ್ನು ಕೇಳಬೇಕು. ಮಿಲ್ಲಿನ ತೂಕದ ಯಂತ್ರ ಸುಳ್ಳು ಹೇಳಬಹುದು, ನನ್ನ ಅಂಗೈ ಹೇಳುವುದಿಲ್ಲ. ಕಾರಟಗಿಯಿಂದ ಕುಷ್ಟಗಿಯವರೆಗೆ ನನ್ನ ಕೈಗೆ ಸಿಗದ ತಲೆ ಇದ್ದರೆ ಅದು ಇನ್ನೂ ಹುಟ್ಟಿಲ್ಲ, ಇಲ್ಲವೇ ಅದಕ್ಕೆ ಕೂದಲಿಲ್ಲ. ನಾನು ದಾಡಿ ಮಾಡಿದ ಕೆನ್ನೆಯ ಮೇಲೆ ನೊಣ ಕೂತರೆ ಜಾರಿ ಬೀಳುತ್ತದೆ. ಇಟಗಿಯ ಗುಡಿಯ ಕಂಬಗಳು ನುಣುಪೆಂದು ಜನ ಎಲ್ಲೆಲ್ಲಿಂದಲೋ ನೋಡಲು ಬರುತ್ತಾರೆ. ವಾಪಸು ಹೋಗುವಾಗ ಅವರು ನನ್ನ ಅಂಗಡಿಯ ಮುಂದೆ ಸ್ವಲ್ಪ ನಿಂತು ಗಿರಾಕಿಗಳ ಕೆನ್ನೆ ನೋಡಿದರೆ ಸಾಕು, ಮುಂದೆ ಕಂಬದ ಮಾತು ಎತ್ತುವುದಿಲ್ಲ.

ಇದು ಬರೀ ದಾಡಿಯ ಮಾತಾಯಿತು. ತಲೆ ಮಾಲಿಷಿನಲ್ಲಂತೂ ಈ ಗಾಳೇಶನಿಗೆ ಗಾಳೇಶನೇ ಸಾಟಿ. ಸಿಂಧನೂರಿಗೆ ಹೊರಟ ಲಾರಿ ಡ್ರೈವರನೊಬ್ಬ ನನ್ನ ಕುರ್ಚಿಯಲ್ಲಿ ನಿದ್ದೆ ಹೋಗಿ, ಎದ್ದ ಮೇಲೆ ಹೊರಗೆ ನಿಂತಿದ್ದ ಲಾರಿ ತನ್ನದೆಂದು ನಂಬಲು ಒಪ್ಪಲಿಲ್ಲ. ಕ್ಲೀನರ್ ಬಂದು ಕೈಹಿಡಿದು ಕರೆದುಕೊಂಡು ಹೋಗಬೇಕಾಯಿತು.

ಆದರೆ ಈ ಕೈಗಳಿಗೆ ಕಿರೀಟದಂತೆ ಇದ್ದದ್ದು ವೆಂಕೋಬನ ತಲೆನೋವು.

ವೆಂಕೋಬ ಭತ್ತದ ದಲಾಲಿ. ನನ್ನ ಓರಗೆಯವನು, ಶಾಲೆಯಲ್ಲಿ ಒಂದೇ ಬೆಂಚು. ಅವನ ತಲೆನೋವಿನಂಥ ತಲೆನೋವು ಜಿಲ್ಲೆಯಲ್ಲಿ ಇನ್ನೊಂದಿರಲಿಲ್ಲ. ಮಧ್ಯಾಹ್ನ ಮೀರುತ್ತಿದ್ದಂತೆ ಬಲಗಿವಿಯ ಹಿಂದೆ, ತಲೆಬುರುಡೆ ಕುತ್ತಿಗೆಗೆ ಸೇರುವ ಸಂದಿಯಲ್ಲಿ ಅದು ಕಣ್ಣು ಬಿಡುತ್ತಿತ್ತು. ಅಲ್ಲಿಂದ ಗೋಡೆಯ ಹಲ್ಲಿಯಂತೆ ಹಿಂದಲೆ ಹತ್ತಿ, ನೆತ್ತಿಯ ಪಕ್ಕ ಹಾದು, ಸಂಜೆಯ ಹೊತ್ತಿಗೆ ಬಲಗಣ್ಣಿನ ಮೇಲೆ ಬಂದು ಕೂರುತ್ತಿತ್ತು. ಎಡಗಡೆಗೆ ಒಂದು ದಿನವೂ ಹಾಯಲಿಲ್ಲ. ಅವನು ಕನ್ನಡಕ ಬದಲಿಸಿದ, ಕೊಪ್ಪಳಕ್ಕೆ ಹೋಗಿ ತಲೆಯ ಫೋಟೋ ತೆಗೆಸಿದ, ಸೈನಸ್ ಇರಬಹುದೆಂದು ಮೂಗಿಗೆ ಹನಿ ಹಾಕಿಕೊಂಡ. ನೋವು ಯಾರ ಮಾತೂ ಕೇಳಲಿಲ್ಲ. ಕೊನೆಗೆ ಅದು ಶರಣಾದದ್ದು ನನ್ನ ಬೆರಳುಗಳಿಗೆ. ಶರಣಾಗುತ್ತಿತ್ತು, ಮರುದಿನ ಮತ್ತೆ ಬರುತ್ತಿತ್ತು. ಅದಕ್ಕೂ ನನ್ನ ಕೈ ಅಷ್ಟು ಹಿಡಿಸಿತ್ತು.

ಹೀಗೆ ಇಪ್ಪತ್ತು ವರ್ಷ. ಸಂಜೆ ಮಾರುಕಟ್ಟೆ ಮುಗಿಸಿ ವೆಂಕೋಬ ಬಂದರೆ ನಡುವಿನ ಕುರ್ಚಿಯಲ್ಲಿ ಯಾರೇ ಇರಲಿ ಏಳುತ್ತಿದ್ದರು. ನಾನು ಎಣ್ಣೆ ಹಾಕುತ್ತಿದ್ದೆ, ಅವನು ಕಣ್ಣು ಮುಚ್ಚಿ ಊರಿನ ಸುದ್ದಿ ಬಿಚ್ಚುತ್ತಿದ್ದ. ಅವನ ಮಗಳು ವಾಣಿಶ್ರೀಯ ಸಂಬಂಧ ಕುದುರಿದ ಸುದ್ದಿ ಅವನ ಹೆಂಡತಿಗಿಂತ ಮೊದಲು ಕೇಳಿದ್ದು ನಾನು. ನಮ್ಮಪ್ಪ ತೀರಿಕೊಂಡ ವಾರ ನಾನು ಎಣ್ಣೆ ಶೀಸೆ ಮುಟ್ಟಲಿಲ್ಲ. ಆಗಲೂ ಅವನು ದಿನಾ ಬಂದು, ನೋಯುವ ತಲೆಯನ್ನು ಹಾಗೇ ಇಟ್ಟುಕೊಂಡು, ಅದೇ ಕುರ್ಚಿಯಲ್ಲಿ ಸುಮ್ಮನೆ ಕೂತು ಹೋಗುತ್ತಿದ್ದ. ಆದ್ದರಿಂದ ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ವೆಂಕೋಬನಿಗೆ ಹೊಟ್ಟೆನೋವು ಬಂದರೆ ಅದು ಅವನದು. ತಲೆನೋವು ನನ್ನದು.

ಆ ಹಕ್ಕಿಗೆ ಕೈಹಾಕಿದವಳು ಎದುರುಗಡೆಯ ಅನುಷಾ ಮೇಡಂ.

ನನ್ನ ಅಂಗಡಿಯ ಎದುರಿಗೆ, ರಸ್ತೆಯ ಆಚೆ ಬದಿಗೆ, ಮೊದಲು ಝೆರಾಕ್ಸ್ ಅಂಗಡಿಯಿತ್ತು. ಅದು ಹೋಗಿ ಫಿಜಿಯೋಥೆರಪಿಯ ಬೋರ್ಡು ಬಂತು. ಬೋರ್ಡಿನ ಮೇಲೆ ಚರ್ಮ ಸುಲಿದ ಮನುಷ್ಯನೊಬ್ಬನ ಚಿತ್ರ, ಬರೀ ಎಲುಬು. ತಲೆಯ ಮೇಲೆ ಒಂದೂ ಕೂದಲಿಲ್ಲ. ನನ್ನ ಧಂದೆಯ ಎದುರಿಗೇ ಇಂಥ ಅಪಶಕುನ. ಮೇಡಂ ಕುಷ್ಟಗಿ ಕಡೆಯ ಹುಡುಗಿ, ಓದು ಮುಗಿಸಿ ಬಹಳ ವರ್ಷ ಆಗಿರಲಿಲ್ಲ, ಮಾತು ಕಡಿಮೆ. ನಾನು ಮೊದಲು ತಲೆ ಕೆಡಿಸಿಕೊಳ್ಳಲಿಲ್ಲ. ಫಿಜಿಯೋ ಎಂದರೆ ಮೊಣಕಾಲಿಗೆ ಕರೆಂಟು ಕೊಡುವುದೆಂದು ಇಡೀ ಗಂಗಾವತಿಗೆ ಗೊತ್ತು. ಕೊಡಲಿ. ಮೊಣಕಾಲು ನನ್ನ ಸರಹದ್ದಿನ ಹೊರಗೆ.

ಒಂದು ಸಂಜೆ ವೆಂಕೋಬ ಬರಲಿಲ್ಲ. ನಡುವಿನ ಕುರ್ಚಿ ಖಾಲಿ ಇಟ್ಟುಕೊಂಡು ನಾನು ಎಣ್ಣೆ ಬೆಚ್ಚಗೆ ಮಾಡಿ, ಅದು ಆರಿ, ಮತ್ತೆ ಬೆಚ್ಚಗೆ ಮಾಡಿದೆ. ಆಗ ಪಕ್ಕದ ಚಾ ಅಂಗಡಿಯ ಮರ್ದಾನಸಾಬ ಒಳಗೆ ಬಂದ. ಅವನಿಗೆ ಗೊತ್ತಾಗದೆ ನಮ್ಮ ಬೀದಿಯಲ್ಲಿ ಬೆಕ್ಕು ಕೂಡ ಮರಿ ಹಾಕುವುದಿಲ್ಲ. ಕೇಳದಿದ್ದರೂ ಒಂದು ಕಪ್ಪು ಚಾ ನನ್ನ ಮುಂದಿಟ್ಟು, ಸತ್ತವರ ಮನೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದ:

"ಗಾಳೇಶಣ್ಣ, ನಿಮ್ಮ ವೆಂಕೋಬಪ್ಪ ರಸ್ತೆ ದಾಟ್ಯಾನ."

ಮೊಣಕಾಲಿಗಿರಬೇಕು ಎಂದೆ. ಅಲ್ಲವಂತೆ, ತಲೆಗೇ ಅಂತೆ. ಹಾಗಾದರೆ ತಲೆಗೆ ಕರೆಂಟು ಕೊಟ್ಟರೇನು ಎಂದು ಕೇಳಿದೆ. ಕೊಟ್ಟಿರಲಿ ಎಂದು ಮನಸ್ಸಿನಲ್ಲೇ ಹರಕೆ ಹೊತ್ತೆ. ಯಂತ್ರದ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಯಂತ್ರ ನನ್ನ ಜಾತಿಯದಲ್ಲ.

"ಕರೆಂಟೂ ಇಲ್ಲ, ಗಿರೆಂಟೂ ಇಲ್ಲ," ಅಂದ ಮರ್ದಾನಸಾಬ. "ಬರೀ ಕೈಲೆ ಮಾಡ್ಯಾರಂತ. ಅದೂ ಎರಡ ಬಟ್ಟಲೆ."

ಎರಡು ಬೆರಳು. ನನ್ನ ಹತ್ತು ಬೆರಳು ಇಪ್ಪತ್ತು ವರ್ಷ ದುಡಿದ ಜಾಗದಲ್ಲಿ ಅವಳ ಎರಡು ಬೆರಳು. ಆ ಚಾ ಕುಡಿದೆನೋ ಚೆಲ್ಲಿದೆನೋ ನೆನಪಿಲ್ಲ. ಹೊಟ್ಟೆಯಲ್ಲಿ ಎದ್ದ ಉರಿಗೆ ಒಂದು ಮಿಲ್ಲಿನ ಭತ್ತ ಪೂರಾ ಕುದಿಸಬಹುದಿತ್ತು.

ಅಂದಿನಿಂದ ನಾನು ಕಾವಲಿಗೆ ನಿಂತೆ. ನನ್ನ ಅಂಗಡಿಯ ರಚನೆ ಹೀಗಿದೆ: ಕನ್ನಡಿಗಳು ಉದ್ದನೆಯ ಪಕ್ಕದ ಗೋಡೆಗೆ, ಕುರ್ಚಿಗಳು ಕನ್ನಡಿಯ ಮುಂದೆ, ನಾನು ಕುರ್ಚಿಯ ಹಿಂದೆ. ರಸ್ತೆ ಮಾತ್ರ ನನ್ನ ಎಡಕ್ಕೆ. ಅವಳ ಬಾಗಿಲು ನೋಡಬೇಕೆಂದರೆ ಮೈ ಗಿರಾಕಿಯ ಕಡೆಗಿಟ್ಟು ಮುಖ ಎಡಕ್ಕೆ ಹೊರಳಿಸಬೇಕು. ಹೊರಳಿಸಿದೆ. ಬೆಳಗ್ಗೆ ಶಟರ್ ಎತ್ತಿದಾಗ ಎಡಕ್ಕೆ ತಿರುಗಿದ ಕುತ್ತಿಗೆ ಸಂಜೆ ಶಟರ್ ಎಳೆಯುವವರೆಗೆ ಹಾಗೇ ಇರುತ್ತಿತ್ತು. ಕೈ ಕತ್ತರಿ ಆಡಿಸುತ್ತಿತ್ತು, ಕಣ್ಣು ರಸ್ತೆ ದಾಟುತ್ತಿತ್ತು. ಇಂಥ ಕೆಲಸ ಬೇರೆ ಯಾರಾದರೂ ಮಾಡಿದ್ದರೆ ನಾಲ್ಕು ಕಿವಿ ಉದುರುತ್ತಿದ್ದವು. ನನ್ನ ಕೈಯಲ್ಲಿ ಬರೀ ಬ್ಯಾಂಕಿನ ತಿರುಪತಿಯ ಅರ್ಧ ಮೀಸೆ ಹೋಯಿತು. ಈಗ ಹುಬ್ಬಳ್ಳಿ ಕಡೆ ಇದೇ ಫ್ಯಾಶನ್ ನಡೆದಿದೆ ಎಂದೆ. ಅವನು ಒಂದು ವಾರ ಹಾಗೇ ಬ್ಯಾಂಕಿಗೆ ಹೋಗಿ ಬಂದ.

ಕಾಣುತ್ತಿದ್ದದ್ದೆಲ್ಲ ನನ್ನ ಉರಿಗೆ ಎಣ್ಣೆಯಾಯಿತು. ವೆಂಕೋಬ ಒಳಗೆ ಹೋಗುವಾಗ ಬಲಗಣ್ಣು ಮುಚ್ಚಿಕೊಂಡು ಹೋಗುತ್ತಿದ್ದ, ಹೊರಬರುವಾಗ ಎರಡೂ ಕಣ್ಣು ಬಿಟ್ಟುಕೊಂಡು ಬರುತ್ತಿದ್ದ. ಮೆಟ್ಟಿಲ ಮೇಲೆ ನಿಂತು ಆ ಹುಡುಗಿಗೆ ಕೈಮುಗಿಯುತ್ತಿದ್ದ. ಇಪ್ಪತ್ತು ವರ್ಷದಲ್ಲಿ ನನಗೆ ಒಮ್ಮೆಯೂ ಕೈಮುಗಿದಿಲ್ಲ, ಲೇ ಗಾಳ್ಯಾ ಅನ್ನುವುದರಲ್ಲೇ ಎಲ್ಲ ಮುಗಿಸಿದ್ದ.

ದಾಡಿಗೆ ಅವನು ನನ್ನ ಬಳಿಯೇ ಬರಬೇಕಲ್ಲ, ಬಂದ. ನಾನು ಏನೂ ಗೊತ್ತಿಲ್ಲದವನಂತೆ ನೊರೆ ಹಚ್ಚಿದೆ. ಅವನೇ ಶುರು ಮಾಡಿದ. ಹೊಸದಾಗಿ ಮದುವೆಯಾದವನು ಅತ್ತೆಮನೆಯ ಊಟ ವರ್ಣಿಸುವಂತೆ ವರ್ಣಿಸಿದ. ಮೊದಲು ಮೇಡಂ ಎಲ್ಲ ವಿಚಾರಿಸಿದಳಂತೆ, ಹಳೆಯ ಫೋಟೋ ನೋಡಿದಳಂತೆ. ಆಮೇಲೆ ಅಂಗಾತ ಮಲಗಿಸಿ, ತಲೆ ಎತ್ತಿ ಗದ್ದವನ್ನು ಎದೆಗೆ ಮುಟ್ಟಿಸಿ, ಹಾಗೇ ಹಿಡಿದು ಎಡಕ್ಕೆ ತಿರುಗಿಸಿದಳಂತೆ. ಸರಾಗ ಹೋಯಿತು. ಬಲಕ್ಕೆ ತಿರುಗಿಸಿದರೆ ಅರ್ಧಕ್ಕೆ ನಿಂತಿತು, ತುಕ್ಕು ಹಿಡಿದ ನಲ್ಲಿಯ ಹಾಗೆ. ಆಗ ಬುರುಡೆಯ ಬುಡದಲ್ಲಿ, ಕುತ್ತಿಗೆಯ ಮೇಲ್ತುದಿಯ ಒಂದು ಜಾಗದಲ್ಲಿ ಎರಡು ಬೆರಳಿಟ್ಟು ಮೆಲ್ಲಗೆ ಒತ್ತಿದ್ದೇ ತಡ, ಬಲಗಣ್ಣಿನ ಮೇಲಿನ ಆ ಹಳೆಯ ನೋವು ಹಾಜರಾಯಿತಂತೆ.

"ನೋವು ಕುತಗ್ಯಾಗ ಐತಿ, ತಲಿಗೆ ಬರೇ ಅದರ ಸುದ್ದಿ ಮುಟ್ಟತೈತಿ ಅಂದ್ರು ಮೇಡಂ," ಅಂದ ವೆಂಕೋಬ. "ನಾವಿಬ್ರೂ ಇಷ್ಟ ವರ್ಷ ಸುದ್ದಿ ತಿಕ್ಕಿದ್ವಿ ನೋಡು."

ಕಾರಣವನ್ನೂ ಅವಳು ಹೇಳಿಕೊಟ್ಟಿದ್ದಳು. ದಲಾಲಿಯಾದವನು ಚೀಲದಿಂದ ಹಿಡಿ ಭತ್ತ ತೆಗೆದು, ಎರಡೂ ಅಂಗೈ ನಡುವೆ ಉಜ್ಜಿ, ಹೊಟ್ಟು ಊದಿ ಕಾಳು ನೋಡಬೇಕು. ಎರಡೂ ಕೈಗೆ ಕೆಲಸ. ಅದೇ ಹೊತ್ತಿಗೆ ಮಿಲ್ಲಿನವರ ಫೋನು ಬರುತ್ತದೆ. ವೆಂಕೋಬ ಮೊಬೈಲನ್ನು ಬಲಗಿವಿಗೂ ಭುಜಕ್ಕೂ ನಡುವೆ ಒತ್ತಿ ಹಿಡಿದು, ಕುತ್ತಿಗೆ ಮುರಿದ ಕೋಳಿಯಂತೆ ನಿಂತು, ಸುಗ್ಗಿಯ ಕಾಲದಲ್ಲಿ ದಿನವೆಲ್ಲ ವ್ಯಾಪಾರ ಮಾಡುತ್ತಾನೆ. ಗಂಗಾವತಿ, ಮರಳಿ, ಕಾರಟಗಿಯ ದಲಾಲಿಗಳೆಲ್ಲ ಹೀಗೇ ನಿಲ್ಲುವುದು. ಹೀಗೆ ನಿಲ್ಲದವನನ್ನು ರೈತ ದಲಾಲಿ ಎಂದು ನಂಬುವುದೇ ಇಲ್ಲ. ಮೇಡಂ ಅದನ್ನು ಬಿಡಿಸಿ ಕಿವಿಗೆ ಸಿಕ್ಕಿಸಿಕೊಳ್ಳುವ ವೈರು ಕೊಡಿಸಿದ್ದಳು. ನಾನು ದಿನಾ ನೋಡಿದ್ದೆ ಈ ಭಂಗಿ. ನೋಡಿ ಏನನ್ನಬೇಕಿತ್ತು? ಚಂದ ಕಾಣುತ್ತಿದ್ದ.

ದಾಡಿ ಮುಗಿಯಿತು. ರೂಢಿಯಂತೆ ಒಂದು ಕೈ ಅವನ ಗದ್ದಕ್ಕೆ, ಒಂದು ಕೈ ಹಿಂದಲೆಗೆ ಇಟ್ಟೆ, ಕುತ್ತಿಗೆಯ ನೆಟಿಗೆ ತೆಗೆಯಲು. ನನ್ನ ನೆಟಿಗೆಯ ಸದ್ದಿಗೆ ಬಸ್‌ಸ್ಟ್ಯಾಂಡಿನ ಪಾರಿವಾಳಗಳು ಹಾರುತ್ತವೆ. ವೆಂಕೋಬ ಎರಡೂ ಕೈ ಎತ್ತಿ ಕುತ್ತಿಗೆ ಮುಚ್ಚಿಕೊಂಡ. ಕಳ್ಳನ ಮುಂದೆ ಹೆಂಗಸು ತಾಳಿ ಮುಚ್ಚಿಕೊಳ್ಳುವ ಹಾಗೆ.

"ಬ್ಯಾಡಪಾ," ಅಂದ. "ಝಟ್ಟನ ತಿರುವಬಾರದಂತ. ಅಪಾಯ ಅಂತ. ಮೆಲ್ಲಕ ಮಾಲಿಷ್ ಆದ್ರ ಅಡ್ಡಿಯಿಲ್ಲ ಅಂದಾರ, ನೆಟಗಿ ಮಾತ್ರ ಬ್ಯಾಡ."

ಅಡ್ಡಿಯಿಲ್ಲವಂತೆ. ನನ್ನ ಮಾಲಿಷಿಗೆ ಪರವಾನಗಿ ಎದುರುಗಡೆಯಿಂದ ಬರಬೇಕಾದ ಕಾಲ ಬಂತು.

ಅವನು ಸುಮ್ಮನೆ ಹೋಗಲಿಲ್ಲ. ಕನ್ನಡಿಯ ಮುಂದೆ ನೆಟ್ಟಗೆ ನಿಂತು, ಮುಖ ಆಡಿಸದೆ ಗದ್ದವನ್ನು ಹಿಂದಕ್ಕೆ ಎಳೆದುಕೊಂಡು ತೋರಿಸಿದ. ಎರಡು ಗದ್ದ ಕಂಡವು. ಕುತ್ತಿಗೆಯ ಒಳಗಿನ ಸ್ನಾಯುಗಳು ಸೋತಿವೆಯಂತೆ, ಅವಕ್ಕೆ ಇದು ಗರಡಿಯಂತೆ. ಭುಜದ ಎಲುಬುಗಳನ್ನು ಹಿಂದೆ ಕೂಡಿಸುವುದು ಇನ್ನೊಂದು. ಟವೆಲ್ಲಿನ ಅಂಚನ್ನು ಬುರುಡೆಯ ಬುಡಕ್ಕೆ ಸಿಕ್ಕಿಸಿ, ಒಂದು ತುದಿ ಗಲ್ಲದ ಮೇಲಿಂದ ಮುಂದಕ್ಕೆ ಎಳೆಯುತ್ತ ತಲೆ ತಿರುಗಿಸುವುದು ಮತ್ತೊಂದು. ಇವೆಲ್ಲ ಸಂಜೆ ಮನೆಯಲ್ಲಿ ಮಾಡುತ್ತಾನಂತೆ. ಸಂಜೆ ಎಂದರೆ ನನ್ನ ಸಂಜೆ.

ಆವತ್ತೇ ನನಗೆ ಪೂರ್ತಿ ಹೊಳೆದದ್ದು. ತಲೆನೋವು ಹೋದರೆ ವೆಂಕೋಬನೂ ಹೋಗುತ್ತಾನೆ. ನೋವಿಲ್ಲದ ಮನುಷ್ಯ ಸಂಜೆ ಹೊತ್ತು ಕ್ಷೌರದ ಅಂಗಡಿಗೆ ಯಾಕೆ ಬರುತ್ತಾನೆ? ಎರಡು ದಿನಕ್ಕೊಮ್ಮೆ ದಾಡಿ, ಆಯಿತಪ್ಪ ಬರ್ತೀನಿ. ನಮ್ಮಿಬ್ಬರ ನಡುವಿನ ದಾರ ಆ ಹಲ್ಲಿಯಂಥ ನೋವೇ ಆಗಿದ್ದರೆ, ಅವಳು ಎರಡು ಬೆರಳಲ್ಲಿ ಅದನ್ನೇ ಕತ್ತರಿಸುತ್ತಿದ್ದಾಳೆ.

ಸುಮ್ಮನಿರುವ ಗಂಡಸು ನಾನಲ್ಲ. ಅಂಗಡಿ ತುಂಬ ಜನರಿದ್ದಾಗ ಕುಷ್ಟಗಿಯ ಒಬ್ಬ ಮನುಷ್ಯನ ಕಥೆ ಹೇಳಿದೆ. ಅವನು ಹೀಗೇ ಫಿಜಿಯೋ ಮಾಡಿಸಿಕೊಂಡು, ಗದ್ದ ಎಳೆದು ಎಳೆದು, ಟವೆಲು ತಿರುವಿ ತಿರುವಿ, ತಲೆ ಪೂರ್ತಿ ಹಿಂದಕ್ಕೆ ಹೊಳ್ಳಿ ಅಲ್ಲೇ ನಿಂತುಬಿಟ್ಟಿತು. ಈಗ ಅವನು ಎಲ್ಲಿಗೆ ಹೋಗುತ್ತಿದ್ದೇನೆಂದು ನೋಡುವುದಿಲ್ಲ, ಎಲ್ಲಿಂದ ಬಂದೆನೆಂದಷ್ಟೇ ನೋಡುತ್ತಾನೆ. ಬಸ್ಸಿನಲ್ಲಿ ಹಿಂದಿನ ಸೀಟಿನವರ ಜೊತೆ ಮಾತ್ರ ಮಾತಾಡುತ್ತಾನೆ. ಕಥೆ ಎಷ್ಟು ಚೆನ್ನಾಗಿ ಕೂತಿತೆಂದರೆ, ಆ ಮನುಷ್ಯನನ್ನು ಯಲಬುರ್ಗಾದ ಸಂತೆಯಲ್ಲಿ ಕಣ್ಣಾರೆ ಕಂಡೆನೆಂದು ಸಾಕ್ಷಿ ಹೇಳುವವನೊಬ್ಬ ಅಲ್ಲೇ ಎದ್ದ. ವೆಂಕೋಬ ಮಾತ್ರ ಹೊಟ್ಟೆ ಹಿಡಿದು ನಕ್ಕ. ನಕ್ಕು, ಎದ್ದು, ರಸ್ತೆ ದಾಟಿದ.

ಅದಾದ ಮೇಲೆ ಸಂಜೆಗಳು ಪೂರ್ತಿ ಹೋದವು. ನಡುವಿನ ಕುರ್ಚಿಯಲ್ಲಿ ಯಾರ್ಯಾರೋ ಕೂತರು.

ಇಂಥ ಹೊತ್ತಿನಲ್ಲಿ ನನಗೆ ತಲೆನೋವು ಬಂತು. ಸಾಮಾನ್ಯರಿಗೆ ಬರುವಂಥದ್ದಲ್ಲ, ವೆಂಕೋಬನ ನೋವು ಹಲ್ಲಿಯಾದರೆ ನನ್ನದು ಉಡ. ಎಡಗಡೆಯ ಹಿಂದಲೆಯಲ್ಲಿ ಎದ್ದು, ಎಡಗಣ್ಣಿನ ಮೇಲೆ ಬಂದು ಉಗುರೂರಿ ಕೂರುತ್ತಿತ್ತು. ಬಿಸಿಲೆಂದೆ. ಗುಳಿಗೆ ನುಂಗಿದೆ. ಕೊನೆಗೆ ಬಾಗಿಲು ಅರ್ಧ ಎಳೆದು, ನನ್ನ ತಲೆಗೆ ನಾನೇ ಮಾಲಿಷು ಮಾಡಿಕೊಂಡೆ. ಗಂಗಾವತಿಯ ಶ್ರೇಷ್ಠ ಕೈಗಳು ಮೊದಲ ಸಲ ಸ್ವಂತ ತಲೆಗೆ ಸಿಕ್ಕವು. ನೋವು ಕದಲಲಿಲ್ಲ. ಕೈಯಲ್ಲಿ ದೋಷವಿರಲಿಲ್ಲ, ತಲೆಗೆ ಯೋಗ್ಯತೆ ಸಾಲಲಿಲ್ಲ.

ಮನೆಯಲ್ಲಿ ಇದನ್ನು ಮೊದಲು ಹಿಡಿದವಳು ಹೆಂಡತಿ ಲಲಿತಾ. ಬೈಕಿನ ಹಿಂದೆ ಅವಳನ್ನು ಕೂರಿಸಿಕೊಂಡು ಹೊರಟಾಗ ಬಲಕ್ಕೆ ತಿರುಗುವ ಮುನ್ನ ಹೊರಳಿ ನೋಡಬೇಕಲ್ಲ, ನನ್ನ ಕುತ್ತಿಗೆ ಒಪ್ಪಲಿಲ್ಲ. ನಾನು ಸೊಂಟದಿಂದ ಮೇಲೆ ಇಡೀ ಮೈ ತಿರುಗಿಸಿದೆ, ಬೈಕೂ ನನ್ನ ಜೊತೆ ತಿರುಗಿ ಮೆಣಸಿನಕಾಯಿ ಬುಟ್ಟಿಯ ಹತ್ತಿರ ಹೋಗಿ ನಿಂತಿತು.

"ಎಡಕ್ಕ ಮಾತ್ರ ಹೊಳ್ಳತೈತಿ ನಿಮ್ಮ ಗೋಣು," ಅಂದಳು ಲಲಿತಾ. "ಎಡಕ್ಕ ಏನೈತಿ ಅಂತದ್ದು, ನನಗೂ ಒಂದೀಟು ಹೇಳ್ರಿ."

ಏನಿಲ್ಲ, ರಸ್ತೆ ಎಂದೆ. ರಸ್ತೆ ಓಡಿಹೋಗುತ್ತದೇನು ಎಂದಳು. ಅವಳ ದನಿಯಲ್ಲಿ ಸಣ್ಣ ಸಂಶಯವೂ ಇತ್ತು. ಎದುರಿಗೆ ಕೂತವಳು ಹುಡುಗಿ ಎಂಬುದು ಅವಳಿಗೂ ಗೊತ್ತಿತ್ತು. ನಾನು ಕಾಯುತ್ತಿರುವುದು ಬೊಕ್ಕತಲೆ ಶುರುವಾದ ದಲಾಲಿಯೊಬ್ಬನನ್ನು ಎಂದು ಹೇಳಿದರೆ ನಂಬುವ ಹೆಂಡತಿ ಎಲ್ಲಿದ್ದಾಳೆ?

ಮರುದಿನ ದಾಡಿಗೆ ಬಂದ ವೆಂಕೋಬ ನನ್ನ ಹಣೆಗೆ ಬಿಗಿದ ಟವೆಲು ನೋಡಿದ. ಏನೆಂದ. ಏನಿಲ್ಲ ಎಂದೆ. ಅವನು ಕುರ್ಚಿಯಿಂದೆದ್ದು, ನನ್ನನ್ನೇ ಅಲ್ಲಿ ಕೂರಿಸಿದ. ನಡುವಿನ ಕುರ್ಚಿ. ಅದರಲ್ಲಿ ನಾನು ಗಿರಾಕಿಯಾಗಿ ಕೂತದ್ದು ಅದೇ ಮೊದಲು. ಗದ್ದ ಎದೆಗೆ ಮುಟ್ಟಿಸು ಎಂದ, ಹಾಗೇ ಎಡಕ್ಕೆ ತಿರುಗು ಎಂದ. ಗೂಬೆಯಂತೆ ತಿರುಗಿದೆ. ಬಲಕ್ಕೆ ಎಂದ. ನಲ್ಲಿ ನಿಂತಿತು. ಅವನ ಮುಖದಲ್ಲಿ ಎಂಥ ಸಂತೋಷ ಅರಳಿತೆಂದರೆ, ವಾಣಿಶ್ರೀಗೆ ಗಂಡುಮಗು ಹುಟ್ಟಿದಾಗಲೂ ಅಷ್ಟು ಅರಳಿರಲಿಲ್ಲ.

"ಲೇ ಗಾಳ್ಯಾ, ನಂದ ನಿನಗ ಬಂದೈತಲೇ," ಅಂದ. "ಏಳು, ನಡಿ."

ಅವನು ಮೊಣಕೈ ಹಿಡಿದು ನನ್ನನ್ನು ರಸ್ತೆ ದಾಟಿಸಿದ. ಮರ್ದಾನಸಾಬ ಚಾ ಸೋಸುವುದನ್ನು ನಿಲ್ಲಿಸಿ ನೋಡಿದ. ಇಡೀ ಬೀದಿ ನೋಡಿತು. ಆವತ್ತು ಗಂಗಾವತಿಯಲ್ಲಿ ಆ ಒಂದು ರಸ್ತೆ ತುಂಗಭದ್ರೆಗಿಂತ ಅಗಲವಾಗಿತ್ತು.

ಅನುಷಾ ಮೇಡಂ ಅಚ್ಚರಿ ಪಡಲಿಲ್ಲ. ಬಿದ್ದಿದ್ದೀರಾ, ಕಣ್ಣು ಮಂಜಾಗುತ್ತದೆಯೇ, ಕೈ ಜೋಮು ಹಿಡಿಯುತ್ತದೆಯೇ, ತಲೆ ತಿರುಗುತ್ತದೆಯೇ, ಬಿಪಿ ನೋಡಿಸಿದ್ದೀರಾ ಎಂದು ಒಂದೊಂದಾಗಿ ಕೇಳಿದಳು. ಅಂಥದ್ದೇನಾದರೂ ಇದ್ದರೆ ಮೊದಲು ಡಾಕ್ಟರ ಹತ್ತಿರ ಹೋಗಬೇಕೆಂದಳು. ಯಾವುದೂ ಇರಲಿಲ್ಲ. ನಿಲ್ಲಿಸಿ ನೋಡಿದಳು, ಮಲಗಿಸಿ ತಿರುಗಿಸಿ ನೋಡಿದಳು. ಬುರುಡೆಯ ಬುಡದಲ್ಲಿ ಆ ಪ್ರಸಿದ್ಧ ಎರಡು ಬೆರಳನ್ನಿಟ್ಟಳು. ಎಡಗಣ್ಣಿನ ಮೇಲೆ ಉಡ ಎದ್ದು ನಿಂತಿತು. ನಾನು ಹಲ್ಲು ಕಚ್ಚಿಕೊಂಡೆ. ವೆಂಕೋಬ ಪಕ್ಕದಲ್ಲಿ ನಿಂತು ಎಲ್ಲಕ್ಕೂ ತಲೆಯಾಡಿಸುತ್ತಿದ್ದ, ತಾನೇ ಕಲಿಸಿಕೊಟ್ಟವನಂತೆ.

"ದಿನಾ ಕೆಲಸದಾಗ ಯಾವ ಕಡಿ ಹೊಳ್ಳಿ ನಿಂದರ್ತೀರಿ?" ಎಂದು ಕೇಳಿದಳು.

ಕನ್ನಡಿಯ ಕಡೆ ಎಂದೆ. ಕ್ಷೌರದವನಿಗೆ ಇನ್ನೆಲ್ಲಿ?

ಅವಳು ಕಿಟಕಿಯ ಪರದೆ ಸರಿಸಿದಳು. ಎದುರಿಗೆ ನನ್ನ ಅಂಗಡಿ, ಬಿಸಿಲಿನಲ್ಲಿ ಬಟಾಬಯಲು. ಕುರ್ಚಿ, ಶೀಸೆ, ಬಾಚಣಿಗೆ, ಎಲ್ಲ ಕೈಗೆಟುಕುವ ಹಾಗೆ ಕಾಣುತ್ತಿತ್ತು.

"ಇಲ್ಲಿಂದ ನಿಮ್ಮ ಮಾರಿ ಪೂರಾ ಕಾಣ್ತದ್ರಿ," ಅಂದಳು. "ದಾಡಿ ಮಾಡೂ ಮುಂದ ಸೈತ ಇತ್ತಲಾಗ ನೋಡ್ತೀರಿ. ಇವರು ಒಂದಿನ ಕುತಗಿ ಹಿಡಕೊಂಡು ಬರ್ತಾರ ಅಂತ ನಾ ಆವಾಗ್ಲೇ ಅನ್ಕೊಂಡಿದ್ದೆ." ಅದೇ ಮೆಲುದನಿಯಲ್ಲಿ ಮುಂದುವರಿಸಿದಳು: "ಅಂದಂಗ, ತಲಿ ಹಿಂದಕ ಹೊಳ್ಳಿದಾಂವ ನಮ್ಮ ಕುಷ್ಟಗಿಯಾಂವ ಅಂತಲ್ರಿ, ಯಾರ ಮನಿಯವ?"

ಯಲಬುರ್ಗಾ ಕಡೆಯವನೂ ಇರಬಹುದು ಎಂದೆ. ಅವಳು ಬಂದು ಮತ್ತೆ ನನ್ನ ಕುತ್ತಿಗೆಯ ಮೇಲೆ ಬೆರಳಿಟ್ಟಳು.

ವೆಂಕೋಬ ನಗಲಿಲ್ಲ. ಅವನು ಕಿಟಕಿಯ ಬಳಿ ಹೋಗಿ ನನ್ನ ಅಂಗಡಿಯನ್ನೇ ನೋಡುತ್ತ ನಿಂತ. ಖಾಲಿ ಬಿದ್ದ ನಡುವಿನ ಕುರ್ಚಿಯೂ ಅಲ್ಲಿಂದ ಕಾಣುತ್ತಿತ್ತು.

"ಏನ್ ನೋಡ್ತಿದ್ದೆಲೇ?" ಅಂದ.

ಸುಳ್ಳು ನನ್ನ ಬಾಯಲ್ಲಿ ಹತ್ತು ರೆಡಿ ಇರುತ್ತವೆ. ಆದರೆ ಕುತ್ತಿಗೆಯ ಮೇಲೆ ಬೇರೆಯವರ ಬೆರಳಿದ್ದಾಗ ಅವು ಹೊರಡುವುದಿಲ್ಲವೆಂದು ಆವತ್ತು ಕಂಡುಕೊಂಡೆ.

"ನೀ ಹೊರಗ ಬರೂದ ನೋಡ್ತಿದ್ದೆ," ಅಂದೆ. "ಹೊರಗ ಬಂದು ಯಾವ ಕಡಿ ಹೋಗ್ತಿ ಅಂತ."

ಅವನು ಪರದೆ ಎಳೆದು, ಬಂದು ನನ್ನ ಪಕ್ಕ ನಿಂತ. ಮೇಡಂ ಕೆಲಸಕ್ಕೆ ಹತ್ತಿದಳು. ಬಿಸಿ ಚೀಲವಿಟ್ಟಳು. ಆಮೇಲೆ ಕುತ್ತಿಗೆಯ ಮೇಲ್ತುದಿಯ ಗಂಟನ್ನು ಅಷ್ಟಷ್ಟೇ ಒತ್ತುತ್ತ, ಬಿಡುತ್ತ, ತೊಟ್ಟಿಲು ತೂಗಿದಂತೆ ಸಡಿಲಿಸಿದಳು. ಸದ್ದಿಲ್ಲ, ನೆಟಿಗೆ ಇಲ್ಲ. ಕೈಯಲ್ಲಿ ಜೋರಿಲ್ಲವೆಂದು ನಾನು ಮನಸ್ಸಿನಲ್ಲಿ ತಪ್ಪು ಹುಡುಕುತ್ತಿದ್ದೆ. ಬೆರಳಿಗೆ ಎಣ್ಣೆಯಿಲ್ಲ, ತಾಳವಿಲ್ಲ, ಮಾತಿಲ್ಲ ಎಂದು ಇನ್ನೂ ಹುಡುಕುತ್ತಿದ್ದಾಗಲೇ ನನ್ನ ಗೊರಕೆ ನನಗೆ ಕೇಳಿಸಿ ಎಚ್ಚರವಾಯಿತು.

ಹೊರಡುವಾಗ ಗದ್ದದ ವ್ಯಾಯಾಮ, ಭುಜದ ವ್ಯಾಯಾಮ, ಟವೆಲು ಎಲ್ಲ ಹೇಳಿಕೊಟ್ಟಳು. ಜೊತೆಗೆ ಒಂದು ಸಲಹೆ. ಪಕ್ಕದ ಗೋಡೆಯ ಕನ್ನಡಿ ತೆಗೆದು, ರಸ್ತೆಗೆ ಎದುರಾದ ಹಿಂದಿನ ಗೋಡೆಗೆ ಹಾಕಿಸಿ ಎಂದಳು. ಆಗ ನಾನು ನೆಟ್ಟಗೆ ನಿಂತರೂ ರಸ್ತೆ ಕನ್ನಡಿಯಲ್ಲೇ ಕಾಣುತ್ತದೆ, ಕುತ್ತಿಗೆ ಹೊರಳಿಸುವ ಕಾರಣವಿಲ್ಲ. ನೋಡುವುದನ್ನು ಬಿಡಿ ಎಂದು ಮಾತ್ರ ಅನ್ನಲಿಲ್ಲ. ಇಂಥ ವೈದ್ಯೆ ದೆಹಲಿಯಲ್ಲೂ ಸಿಗಲಿಕ್ಕಿಲ್ಲ; ನನ್ನ ಕೈಗೆ ಸಮವಲ್ಲ ಎಂಬುದು ಬೇರೆ ಮಾತು.

ಕನ್ನಡಿ ಹಿಂದಿನ ಗೋಡೆಗೆ ಹೋಯಿತು. ಗಂಗಾವತಿಯಲ್ಲಿ ರಸ್ತೆ ನೋಡುತ್ತ ದಾಡಿ ಮಾಡಿಸಿಕೊಳ್ಳಬಹುದಾದ ಅಂಗಡಿ ಇದೊಂದೇ. ಇದನ್ನು ನೋಡಿ ಹೊಸಪೇಟೆಯವರೂ ಕನ್ನಡಿ ಕಿತ್ತಿದ್ದಾರೆಂದು ಸುದ್ದಿ, ಹಬ್ಬಿಸಿದವನು ನಾನೇ.

ಅದಕ್ಕಿಂತ ದೊಡ್ಡದು ಕನ್ನಡಿ ಹಾಕಿಸಿದ ಸಂಜೆ ನಡೆಯಿತು. ಕನ್ನಡಿಯಲ್ಲಿ ನೋಡುತ್ತಿದ್ದೇನೆ, ವೆಂಕೋಬ ರಸ್ತೆ ದಾಟಿ ಈ ಕಡೆಗೇ ಬರುತ್ತಿದ್ದಾನೆ, ಹೆಗಲ ಮೇಲೆ ಟವೆಲು. ನಡುವಿನ ಕುರ್ಚಿಯಲ್ಲಿದ್ದ ತಿರುಪತಿ ಅರ್ಧ ಕಟಿಂಗಿನಲ್ಲೇ ಎದ್ದ. ವೆಂಕೋಬ ಕೂರಲಿಲ್ಲ. ನನ್ನನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಗದ್ದ ಎಳೆ ಎಂದ. ಎಳೆದೆ. ಅದು ಎಳೆಯುವುದೇನಲೇ, ಆಮೆ ನೋಡು ಎಷ್ಟು ಚಂದ ಎಳೆಯುತ್ತದೆ ಎಂದು ಬೈದ. ಟವೆಲು ಹಿಡಿಯುವ ಕೈ ತಪ್ಪಾಯಿತೆಂದು ಬೈದ. ಇಪ್ಪತ್ತು ವರ್ಷ ಕಣ್ಣು ಮುಚ್ಚಿ ಕೂತವನಿಗೆ ಈಗ ನನ್ನ ಮೇಲೆ ಎರಡೂ ಕಣ್ಣು. ಎಲ್ಲ ಮುಗಿದ ಮೇಲೆ ಕುರ್ಚಿಯಲ್ಲಿ ಕೂತು, ನೋವೇ ಇಲ್ಲದ ತಲೆಯನ್ನು ಹಿಂದಕ್ಕೆ ಒರಗಿಸಿ, ಹಾಕು ಎಣ್ಣೆ ಎಂದ. ಮಾರುಕಟ್ಟೆಯ ಸುದ್ದಿ ಬಿಚ್ಚಿದ.

ಅಂದಿನಿಂದ ದಿನಾ ಬರುತ್ತಾನೆ. ನನ್ನ ತಲೆನೋವು ಈಗ ವೆಂಕೋಬನದು. ಅದು ಇಂದು ಎಲ್ಲಿದೆ, ಎಷ್ಟಿದೆ, ಯಾವಾಗ ಎದ್ದಿತು ಎಂದು ವಿಚಾರಿಸುತ್ತಾನೆ. ತನ್ನ ಭತ್ತದ ಚೀಲಗಳನ್ನು ಕೂಡ ಅಷ್ಟು ಅಕ್ಕರೆಯಿಂದ ವಿಚಾರಿಸುವುದಿಲ್ಲ.

ಒಂದು ವಿಷಯ ಮಾತ್ರ ಅವನಿಗೆ ಗೊತ್ತಿಲ್ಲ. ಉಡ ಹೋಗಿ ಬಹಳ ದಿನವಾಯಿತು. ಕೆಲವು ವಾರದ ವ್ಯಾಯಾಮಕ್ಕೆ ಉಗುರು ಬಿಟ್ಟಿತು, ಕುತ್ತಿಗೆ ಎರಡೂ ಕಡೆ ಬಾಗಿಲಿನಂತೆ ಹೊರಳುತ್ತದೆ. ಲಲಿತಾ ಬೈಕಿನ ಹಿಂದೆ ನಿಶ್ಚಿಂತೆಯಿಂದ ಕೂರುತ್ತಾಳೆ. ಆದರೆ ವೆಂಕೋಬ ಕೇಳಿದಾಗ ನಾನು ಎಡಗಣ್ಣು ಕಿರಿದು ಮಾಡಿ, ಒಂದು ಚೂರು ಇದೆ ಎನ್ನುತ್ತೇನೆ. ಒಂದು ದಿನ ಅವನು ಬಿಡದೆ ಮೇಡಂ ಹತ್ತಿರ ತೋರಿಸಲು ಕರೆದೊಯ್ದ. ಅವಳು ಗದ್ದ ಎದೆಗೆ ಮುಟ್ಟಿಸಿ ಬಲಕ್ಕೆ ತಿರುಗಿಸಿದಳು. ಬೆಣ್ಣೆಯಲ್ಲಿ ಚಾಕು ಹೋದಂತೆ ಹೋಯಿತು. ನಾನು ಅಯ್ಯಾ ಎಂದೆ, ಸ್ವಲ್ಪ ತಡವಾಗಿ. ಅವಳು ನನ್ನನ್ನು ನೋಡಿದಳು, ಟವೆಲು ಹಿಡಿದು ಆತಂಕದಲ್ಲಿ ನಿಂತಿದ್ದ ವೆಂಕೋಬನನ್ನು ನೋಡಿದಳು.

"ನನ್ನ ಕಡಿ ಬರೂದು ಇನ್ನ ಬೇಕಾಗಿಲ್ರಿ," ಅಂದಳು. "ವ್ಯಾಯಾಮ ಮಾತ್ರ ಬಿಡಬ್ಯಾಡ್ರಿ. ಸಂಜೀಕ ಇವರ ಮಾಡಸ್ಲಿ."

ಅಲ್ಲಿಗೆ ನನ್ನ ಹೊಟ್ಟೆಯ ಉರಿ ಆರಿತೆಂದು ಯಾರಾದರೂ ತಿಳಿದರೆ ಅವರು ಮರ್ದಾನಸಾಬನನ್ನು ಮರೆತಿದ್ದಾರೆ.

ನಿನ್ನೆ ಸಂಜೆ ಗಿರಾಕಿಯ ಗದ್ದಕ್ಕೆ ನೊರೆ ಹಚ್ಚುತ್ತ ಕನ್ನಡಿ ನೋಡಿದೆ. ವೆಂಕೋಬ ರಸ್ತೆಯ ಈಚೆಗೆ ಬಂದವನು ನನ್ನ ಬಾಗಿಲಿಗೆ ಬಾರದೆ ಚಾ ಅಂಗಡಿಯ ಮುಂದೆ ನಿಂತಿದ್ದ. ಮರ್ದಾನಸಾಬ ಸೋಸುವ ಬಟ್ಟೆಯನ್ನು ತಲೆಯ ಹಿಂದೆ ಹಿಡಿದು ಹಲ್ಲು ಕಿಸಿಯುತ್ತಿದ್ದ. ವೆಂಕೋಬ ಅವನ ಗದ್ದದ ಮೇಲೆ ಬೆರಳಿಟ್ಟು, ಹಿಂದಕ್ಕೆ, ಇನ್ನೂ ಹಿಂದಕ್ಕೆ ಎಂದು ಕಲಿಸುತ್ತಿದ್ದ. ಮರ್ದಾನಸಾಬನಿಗೆ ತಲೆನೋವು! ಅವನ ಕುತ್ತಿಗೆಗೆ ನೊಗ ಹಾಕಿ ಹತ್ತು ಎಕರೆ ಉಳಬಹುದು. ಆ ತಲೆಯನ್ನು ನಾನು ಬಲ್ಲೆ, ಅದರೊಳಗೆ ನೋವಿಗೆ ಬೇಕಾದ ಸಾಮಾನೇ ಇಲ್ಲ.

ನಾನು ಕುಂಚ ಕೆಳಗಿಟ್ಟೆ. ಎಡಗಣ್ಣು ಮುಚ್ಚಿ, ಒಂದು ಕೈ ಹಿಂದಲೆಗೆ ಕೊಟ್ಟು, ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಬಂದೆ.

"ವೆಂಕೋಬಾ," ಅಂದೆ, ಸಾಯುವವನ ದನಿಯಲ್ಲಿ. "ಇವತ್ತ ಯಾಕೋ ಭಾಳ ಜೋರ ಐತಿ."

ವೆಂಕೋಬ ಮರ್ದಾನಸಾಬನ ಗದ್ದ ಅಲ್ಲೇ ಬಿಟ್ಟ. ಹೆಗಲ ಟವೆಲು ಕೈಗೆ ತೆಗೆದುಕೊಂಡು, ನಡೆ ಒಳಗೆ, ನಡೆ, ನಿಲ್ಲಬೇಡ ಎನ್ನುತ್ತ ದಾಪುಗಾಲಿನಲ್ಲಿ ಬಂದ. ಅವನ ಬೆನ್ನ ಹಿಂದೆ ಮರ್ದಾನಸಾಬ ಸೋಸುವ ಬಟ್ಟೆ ಹಿಡಿದು ಹಾಗೇ ನಿಂತಿದ್ದ. ನಾನು ಬಹಳ ಸರಾಗವಾಗಿ ಕುತ್ತಿಗೆಯನ್ನು ಬಲಕ್ಕೆ, ಮರ್ದಾನಸಾಬನ ಕಡೆ ಹೊರಳಿಸಿ, ಮುಚ್ಚಿದ ಎಡಗಣ್ಣು ಒಮ್ಮೆ ತೆರೆದು ಮತ್ತೆ ಮುಚ್ಚಿದ್ದು ವೆಂಕೋಬನಿಗೆ ಕಾಣಲಿಲ್ಲ.